ಚಿಕ್ಕಜ್ಜನ ಹಾಜರಿ ಪುಸ್ತಕ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಹಿರಿಯರಲ್ಲೊಬ್ಬರನ್ನು ಸಭೆಯ ಮುಂದೆ ಸ್ಮರಿಸಬೇಕೆಂದು ಶತಮಾನೋತ್ಸವ ಸಮಿತಿಯವರು ತಿಳಿಸಿದಾಗ ನಮ್ಮ ಮನೆಯಲ್ಲಿ ಹೆಚ್ಚು ಚರ್ಚೆ ನಡೆಯಲಿಲ್ಲ. ಎಲ್ಲರ ಬಾಯಲ್ಲೂ ಬಂದುದು ಚಿಕ್ಕಜ್ಜನವರ ಹೆಸರು. ಅವರು ನಮ್ಮ ಅಜ್ಜನ ತಮ್ಮ. "ಯುದ್ಧದ ಕಾಲದಲ್ಲಿ ಹಿಡಿದುಕೊಂಡು ಹೋದರು, ತಿರುಗಿ ಬರಲಿಲ್ಲ" ಎಂಬ ಒಂದು ಮಾತನ್ನು ಕೇಳುತ್ತಲೇ ನಮ್ಮ ಮನೆಯ ಮಕ್ಕಳೆಲ್ಲರೂ ಬೆಳೆದಿದ್ದೇವೆ. ದೇಶಾಂತರದಲ್ಲಿ ಯುದ್ಧಮಾಡಿ ಮಡಿದ ಒಬ್ಬ ಸಿಪಾಯಿಯ ಕಥೆಯನ್ನು ತಮಗೆ ಹೇಳಬೇಕೆಂದು ನಾವು ಸಿದ್ಧತೆ ಆರಂಭಿಸಿದೆವು. ಆದರೆ ಕಾಗದಪತ್ರಗಳನ್ನು ಬಿಚ್ಚಿ ನೋಡುತ್ತ ಹೋದಂತೆ ಆ ಕಥೆ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಅದರ ಬದಲಿಗೆ ದೊರೆತದ್ದು ಹೆಚ್ಚು ನೋವಿನದು, ಆದರೆ ಸತ್ಯವಾದದ್ದು. ಅದನ್ನೇ ಇಂದು ತಮ್ಮ ಮುಂದೆ ಇಡುತ್ತೇವೆ.

ನಮ್ಮ ನಡುಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ಚಿಕ್ಕಜ್ಜನವರ ಭಾವಚಿತ್ರವೊಂದು ತೂಗುತ್ತಿದೆ. ಕಾಕಿಯ ಮೊಣಕಾಲುದ್ದದ ಚಡ್ಡಿ, ತೋಳು ಮಡಿಸಿದ ಅಂಗಿ, ಕೈಯಲ್ಲೊಂದು ಹ್ಯಾಟು. ಈ ಉಡುಪನ್ನು ನೋಡಿಯೇ ನಮ್ಮ ತಂದೆಯವರ ಕಾಲದವರು ಅವರನ್ನು ಸೈನ್ಯದವರೆಂದು ತೀರ್ಮಾನಿಸಿದ್ದರೆಂದು ತೋರುತ್ತದೆ. ಬ್ರಿಟಿಷ್ ಸರ್ಕಾರವು ಅವರನ್ನು ಬಲವಂತದಿಂದ ಸೈನ್ಯಕ್ಕೆ ಸೇರಿಸಿತೆಂದು ಕೆಲವರು ಹೇಳುತ್ತಿದ್ದರು. ಮೈಸೂರು ಸಂಸ್ಥಾನದ ಪದಾತಿ ದಳದೊಂದಿಗೆ ಸಿಂಗಪುರಕ್ಕೆ ಹೋಗಿ ಸೆರೆಯಾದರೆಂದು ಮತ್ತೆ ಕೆಲವರ ಹೇಳಿಕೆ. ಮೈಸೂರಿನ ಒಂದು ಪದಾತಿ ದಳವು 1942ರಲ್ಲಿ ಸಿಂಗಪುರದಲ್ಲಿ ಸೆರೆಸಿಕ್ಕಿದ್ದು ಚರಿತ್ರೆಯ ಸಂಗತಿಯೇ ಆದುದರಿಂದ ಈ ಮಾತು ನಮಗೆ ಅಸಂಭವವಾಗಿ ಕಾಣಲಿಲ್ಲ.

ಮೊದಲನೆಯ ಸಂಶಯ ಹುಟ್ಟಿದ್ದು ಕಾನೂನಿನ ವಿಷಯದಲ್ಲಿ. ಇಂಗ್ಲೆಂಡಿನಲ್ಲಿ 1939ರಿಂದಲೇ ಕಡ್ಡಾಯ ಸೈನ್ಯಸೇವೆ ಜಾರಿಯಲ್ಲಿತ್ತು. ಆದರೆ ಭಾರತೀಯರನ್ನು ಕಾನೂನಿನ ಬಲದಿಂದ ಸೈನ್ಯಕ್ಕೆ ಎಳೆದುಕೊಳ್ಳುವ ಪದ್ಧತಿ ಎರಡು ಮಹಾಯುದ್ಧಗಳಲ್ಲಿಯೂ ಇರಲಿಲ್ಲ. ಯುದ್ಧದ ಮೊದಲಲ್ಲಿ ಸುಮಾರು 2 ಲಕ್ಷದಷ್ಟಿದ್ದ ಭಾರತೀಯ ಸೈನ್ಯವು 1945ರ ಹೊತ್ತಿಗೆ 25 ಲಕ್ಷಕ್ಕೆ ಏರಿತು. ಅವರೆಲ್ಲರೂ ಸಹಿ ಮಾಡಿ ಭರ್ತಿಯಾದವರೇ. ಬಡತನವು ಎಷ್ಟು ಮಂದಿಯ ಕೈಹಿಡಿದು ಸಹಿ ಹಾಕಿಸಿತೆಂಬುದು ಬೇರೆ ಮಾತು. ಹೇಗಿದ್ದರೂ "ಹಿಡಿದುಕೊಂಡು ಹೋದರು" ಎಂಬ ಮಾತು ಭಾರತೀಯ ಸೈನ್ಯಕ್ಕೆ ಹೊಂದುವಂತಿರಲಿಲ್ಲ.

ಎರಡನೆಯದಾಗಿ ನಾವು ಮಡಿದವರ ಪಟ್ಟಿಗಳನ್ನು ನೋಡಿದೆವು. ಆ ಯುದ್ಧದಲ್ಲಿ ಪ್ರಾಣಬಿಟ್ಟ ಅವಿಭಕ್ತ ಭಾರತದ ಸುಮಾರು 87 ಸಾವಿರ ಯೋಧರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವು ಕಾಪಾಡಿಕೊಂಡು ಬಂದಿದೆ. ಸಮಾಧಿ ದೊರೆಯದವರ ಹೆಸರನ್ನೂ ಅದು ಕಲ್ಲಿನಲ್ಲಿ ಕೊರೆಯಿಸಿದೆ. ಸಿಂಗಪುರದ ಕ್ರಾಂಜಿ ಎಂಬಲ್ಲಿರುವ ಸ್ಮಾರಕದಲ್ಲಿ ಅಂತಹ 24 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಇಂದು ಆ ಪಟ್ಟಿಗಳನ್ನು ಮನೆಯಲ್ಲಿಯೇ ಕುಳಿತು ಹುಡುಕಬಹುದು. ಚಿಕ್ಕಜ್ಜನವರ ಹೆಸರನ್ನು ಬರೆಯಬಹುದಾದ ರೀತಿಗಳಲ್ಲೆಲ್ಲ ಬರೆದು ನಾವು ಹುಡುಕಿದೆವು. ಅವರ ಹೆಸರು ಎಲ್ಲಿಯೂ ಇರಲಿಲ್ಲ.

ಆಗ ನಾವು ದೂರದ ಪಟ್ಟಿಗಳನ್ನು ಬಿಟ್ಟು ಮನೆಯ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿದೆವು. ಅದು ಚಿಕ್ಕಜ್ಜಿಯವರದು. ಅವರು 1984ರಲ್ಲಿ ದೈವಾಧೀನರಾದ ಮೇಲೆ ಅದನ್ನು ಯಾರೂ ಸರಿಯಾಗಿ ತೆರೆದು ನೋಡಿರಲಿಲ್ಲ. ಒಂದು ಜಪಮಾಲೆ, ಮದುವೆಯ ಸೀರೆ, ಹದಿನಾಲ್ಕು ಕಾಗದಗಳು, ದಾರದಲ್ಲಿ ಪೋಣಿಸಿದ ಮನಿಯಾರ್ಡರಿನ ಚೀಟಿಗಳು, ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಪುಸ್ತಕ, ಅದರೊಳಗೆ ಮಡಿಸಿಟ್ಟಿದ್ದ ಇಂಗ್ಲಿಷ್ ಕಾಗದ, ಅದರಲ್ಲಿದ್ದದ್ದು ಇಷ್ಟೇ.

ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ನಮ್ಮ ದೇವಾಲಯದ ದಾಖಲೆ ಪುಸ್ತಕಗಳೊಂದಿಗೆ ಹೋಲಿಸಿದಾಗ ಅವರ ಜೀವನದ ಮೊದಲ ಭಾಗ ಸ್ಪಷ್ಟವಾಯಿತು. ಅವರ ವಿವಾಹವು 1935ರಲ್ಲಿ ಇದೇ ಪೀಠದ ಮುಂದೆ ನೆರವೇರಿತು. ಆಗ ಅವರು ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ಕಾಫಿಯ ಧಾರಣೆ ಕುಸಿದು ತೋಟಗಳು ಸೊರಗಿದ್ದ ಕಾಲವದು; ಸಂಬಳ ಅರ್ಧಕ್ಕೆ ಇಳಿಯಿತು. ಮಗಳ, ಎಂದರೆ ನಮ್ಮ ಅತ್ತೆಯವರ, ಜ್ಞಾನಸ್ನಾನವು 1937ರಲ್ಲಿ ದಾಖಲಾಗಿದೆ. ಅದಾದ ಕೆಲವೇ ತಿಂಗಳಲ್ಲಿ ಅವರು ತೋಟದ ದೊರೆಯೊಬ್ಬರ ಶಿಫಾರಸಿನ ಮೇಲೆ ಮದರಾಸಿನಿಂದ ಹಡಗು ಹತ್ತಿ ಪಿನಾಂಗಿಗೆ ಹೋದರು; ಅಲ್ಲಿಂದ ಮಲಯ ದೇಶದ ಒಂದು ರಬ್ಬರ್ ತೋಟಕ್ಕೆ. ಅಲ್ಲಿಯ ಕೂಲಿಗಾರರಲ್ಲಿ ಬಹುಮಂದಿ ತಮಿಳರು. ನಮ್ಮ ಕಾಫಿ ಸೀಮೆಯಲ್ಲಿ ತಮಿಳು ಕೂಲಿಗಾರರೊಡನೆ ಪಳಗಿದ್ದ ಚಿಕ್ಕಜ್ಜನವರಿಗೆ ಆ ಭಾಷೆ ಚೆನ್ನಾಗಿ ಬರುತ್ತಿದ್ದುದೇ ಅವರ ಯೋಗ್ಯತೆಯಾಯಿತು. ಹೀಗೆ ಅವರು ಹೋದದ್ದು ಯುದ್ಧಕ್ಕಲ್ಲ, ಹೊಟ್ಟೆಪಾಡಿಗೆ. ಭಾವಚಿತ್ರದಲ್ಲಿರುವುದು ಸಿಪಾಯಿಯ ಉಡುಪಲ್ಲ, ತೋಟದ ಗುಮಾಸ್ತರ ಉಡುಪು.

ಅವರ ಕಾಗದಗಳು ಸರಳವಾದವು. ಬೆಳಕು ಹರಿಯುವ ಮುಂಚೆಯೇ ಮರಗಳಿಗೆ ಕತ್ತಿ ಹಾಕಿ ಹಾಲು ಇಳಿಸುವ ಕ್ರಮ, ತಿಂಗಳಿಗೊಮ್ಮೆ ಗುರುಗಳು ತೋಟಕ್ಕೆ ಬಂದು ಪೂಜೆ ಅರ್ಪಿಸುವುದು, ತಾವು ತಮಿಳು ಜಪಗಳನ್ನು ಕಲಿತದ್ದು, ಮಗು ನಡೆಯಲು ಕಲಿಯಿತೇ ಎಂಬ ಪ್ರಶ್ನೆ. ಕೊನೆಯ ಮನಿಯಾರ್ಡರಿನ ಮೊಹರು 1941ರ ನವೆಂಬರ್ ತಿಂಗಳದು. ಡಿಸೆಂಬರ್ 8ರಂದು ಜಪಾನೀಯರ ಸೈನ್ಯವು ಮಲಯದ ಕೋಟಾಬಾರು ಎಂಬಲ್ಲಿ ಇಳಿಯಿತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಅಂದಿನಿಂದ ಯುದ್ಧ ಮುಗಿಯುವವರೆಗೂ ಚಿಕ್ಕಜ್ಜಿಯವರಿಗೆ ಒಂದಕ್ಷರವೂ ಬಂದಿಲ್ಲ.

ಮುಂದಿನ ಕಥೆ ಆ ಸಣ್ಣ ಪುಸ್ತಕದಲ್ಲಿತ್ತು. ಅದನ್ನು ನಮ್ಮ ಮನೆಯವರು ಎಷ್ಟೋ ಸಲ ಕಂಡಿದ್ದರು. ತೋಟದ ಹಳೆಯ ಲೆಕ್ಕವೆಂದು ಬದಿಗಿಟ್ಟಿದ್ದರು. ಅದರ ಹಾಳೆಗಳ ನಡುವೆ ಬಾಳೆಗಿಡದ ಚಿತ್ರವಿರುವ ಹತ್ತು ಡಾಲರಿನ ನೋಟೊಂದು ಇತ್ತು. ಚಿಕ್ಕಂದಿನಲ್ಲಿ ನಾವು ಅದನ್ನು ಆಟದ ನೋಟೆಂದು ತಿಳಿದು ಅಂಗಡಿಯಾಟ ಆಡಿದ್ದೂ ಉಂಟು. ಅದು ಆಟದ ನೋಟಲ್ಲ; ಜಪಾನೀಯರು ತಾವು ಹಿಡಿದ ಮಲಯದಲ್ಲಿ ಚಲಾವಣೆಗೆ ತಂದ ನೋಟು. ಅದರ ಮೇಲೆ ಜಪಾನ್ ಸರ್ಕಾರದ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಯುದ್ಧ ಮುಗಿದ ದಿನ ಅದರ ಬೆಲೆ ಸೊನ್ನೆಯಾಯಿತು.

ಪುಸ್ತಕವು ಹಾಜರಿ ಪುಸ್ತಕದ ಮಾದರಿಯಲ್ಲಿದೆ. ಬರಹ ಕನ್ನಡ ಅಕ್ಷರಗಳಲ್ಲಿದೆ. ಎಡಗಡೆ ಸಂಖ್ಯೆ, ಅದರ ಮುಂದೆ ಹೆಸರು, ಮುಂದಿನ ಮನೆಗಳಲ್ಲಿ ಹಾಜರಿಯ ಗೀಟುಗಳು. ಒಟ್ಟು 37 ಹೆಸರುಗಳು. ಮೊದಲನೆಯದು ಚಿಕ್ಕಜ್ಜನವರದೇ. ಉಳಿದ 36 ಹೆಸರುಗಳಲ್ಲಿ ಬಹುಪಾಲು ತಮಿಳು ಹಿಂದೂಗಳವು, ಕೆಲವು ಕ್ರೈಸ್ತರವು, ಎರಡು ಮುಸಲ್ಮಾನರವು. ಪುಟಗಳ ಮೇಲ್ಭಾಗದಲ್ಲಿ 1943ನೆಯ ಇಸವಿಯ ದಿನಾಂಕಗಳು, ಅವುಗಳ ಪಕ್ಕದಲ್ಲಿ ಬಾನ್‌ಪೋಂಗ್, ಕನ್‌ಬುರಿ, ತರ್ಸಾವ್, ನೀಕೆ ಎಂಬ ಪದಗಳು. ಇವೂ ಯಾರೋ ಮನುಷ್ಯರ ಹೆಸರುಗಳೆಂದು ನಾವು ಮೊದಲು ಭಾವಿಸಿದ್ದೆವು. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದಾಗಲೇ ಅವು ಸಯಾಮ್ ದೇಶದ, ಇಂದಿನ ಥಾಯ್ಲೆಂಡಿನ, ಊರುಗಳೆಂದು ತಿಳಿದದ್ದು. ನಾಲ್ಕೂ ಊರುಗಳು ಒಂದೇ ರೈಲುದಾರಿಯ ಮೇಲಿದ್ದವು.

ಆ ರೈಲುದಾರಿಯ ವಿಷಯವನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗಲಾಗದು. ಬರ್ಮಾವನ್ನು ಹಿಡಿದ ಜಪಾನೀಯರಿಗೆ ಅಲ್ಲಿಯ ಸೈನ್ಯಕ್ಕೆ ಸಾಮಾನು ಸಾಗಿಸುವ ದಾರಿ ಬೇಕಾಗಿತ್ತು. ಸಮುದ್ರದಲ್ಲಿ ಶತ್ರುಗಳ ಜಲಾಂತರ್ಗಾಮಿಗಳ ಭಯ. ಆದ್ದರಿಂದ ಸಯಾಮಿನ ಬಾನ್‌ಪೋಂಗ್ ಬಳಿಯಿಂದ ಬರ್ಮಾದ ತಾನ್‌ಬ್ಯುಜಾಯತ್ ವರೆಗೆ, ಬೆಟ್ಟ ಕಾಡುಗಳನ್ನು ಸೀಳಿಕೊಂಡು 415 ಕಿಲೋಮೀಟರು ಉದ್ದದ ರೈಲುಹಾದಿಯನ್ನು ನಿರ್ಮಿಸಲು 1942ರಲ್ಲಿ ಆರಂಭಿಸಿದರು. 1943ರ ಅಕ್ಟೋಬರಿನಲ್ಲಿ ಎರಡೂ ಕಡೆಯ ಹಳಿಗಳು ಕೂಡಿದವು. ಸೆರೆಸಿಕ್ಕ ಬ್ರಿಟಿಷ್, ಆಸ್ಟ್ರೇಲಿಯದ ಮತ್ತು ಡಚ್ ಸೈನಿಕರನ್ನು ಈ ಕೆಲಸಕ್ಕೆ ಹಚ್ಚಿದ್ದು ಜಗತ್ತಿಗೆಲ್ಲ ಗೊತ್ತು. ಅವರಲ್ಲಿ ಸುಮಾರು 13 ಸಾವಿರ ಮಂದಿ ಸತ್ತರು. ಆದರೆ ಅವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಅಲ್ಲಿ ದುಡಿದವರು ಏಷ್ಯದ ಬಡ ಕೂಲಿಗಾರರು: ಬರ್ಮೀಯರು, ಜಾವಾದವರು, ಮಲಯದವರು ಮತ್ತು ಮಲಯದ ರಬ್ಬರ್ ತೋಟಗಳಲ್ಲಿದ್ದ ನಮ್ಮ ಭಾರತೀಯರು. ಹೀಗೆ ಸತ್ತವರು 80 ಸಾವಿರದಿಂದ ಒಂದು ಲಕ್ಷವೆಂದು ಅಂದಾಜು. ಇದು ಅಂದಾಜು ಮಾತ್ರ. ಏಕೆಂದರೆ ಅವರನ್ನು ಎಣಿಸಿ ಇಟ್ಟವರಿಲ್ಲ.

ಸೈನಿಕರ ದೇಹಗಳನ್ನು ಯುದ್ಧಾನಂತರ ಹುಡುಕಿ ತೆಗೆದು, ಕಾಂಚನಬುರಿ, ಚುಂಗ್‌ಕಾಯ್ ಮತ್ತು ತಾನ್‌ಬ್ಯುಜಾಯತ್ ಎಂಬ ಮೂರು ಸ್ಥಳಗಳ ಸಮಾಧಿಭೂಮಿಗಳಲ್ಲಿ ಗೌರವದಿಂದ ಹೂಳಿದರು. ಅಲ್ಲಿ ಸಾಲುಸಾಲಾಗಿ ಹೆಸರಿನ ಫಲಕಗಳಿವೆ. ಕೂಲಿಗಾರರ ದೇಹಗಳನ್ನು ಹಳ್ಳಗಳಲ್ಲಿ ಒಟ್ಟಾಗಿ ಮುಚ್ಚಿದರು, ಇಲ್ಲವೇ ಸುಟ್ಟರು. ಅವರಿಗೆ ದಳವಿರಲಿಲ್ಲ, ಸಂಖ್ಯೆಯಿರಲಿಲ್ಲ. ಊರಿಗೆ ತಂತಿ ಕಳುಹಿಸುವ ಕಛೇರಿಯೂ ಇರಲಿಲ್ಲ. ಚಿಕ್ಕಜ್ಜನವರ ಹೆಸರು ಯಾವ ಪಟ್ಟಿಯಲ್ಲಿಯೂ ನಮಗೆ ಏಕೆ ದೊರೆಯಲಿಲ್ಲವೆಂಬುದು ಆಗ ಅರ್ಥವಾಯಿತು. ಹಿಡಿದುಕೊಂಡು ಹೋದದ್ದು ನಿಜ. ಆದರೆ ಹಿಡಿದವರು ಬ್ರಿಟಿಷರಲ್ಲ, ಜಪಾನೀಯರು. ಹೋದದ್ದು ರಣರಂಗಕ್ಕಲ್ಲ, ಬಲವಂತದ ಕೂಲಿಗೆ.

ಈಗ ಹಾಜರಿ ಪುಸ್ತಕದ ಗೀಟುಗಳ ವಿಷಯ. ಕೆಲವು ಹೆಸರುಗಳ ಮುಂದೆ ಗೀಟುಗಳು ಒಂದು ದಿನ ನಿಂತುಹೋಗಿ, ಅಲ್ಲಿ ಒಂದು ಶಿಲುಬೆಯ ಗುರುತಿದೆ. ಅನಂತರದ ಮನೆಗಳೆಲ್ಲ ಖಾಲಿ. ಅದು ಗೈರುಹಾಜರಿಯ ಗುರುತೆಂದು ನಮ್ಮ ತಂದೆಯವರು ಎಣಿಸಿದ್ದರು. ಮೊದಲನೆಯ ಶಿಲುಬೆ 1943ರ ಮೇ ತಿಂಗಳ ಕೊನೆಯ ವಾರದಲ್ಲಿದೆ. ಜೂನ್ ತಿಂಗಳಲ್ಲಿ ಹದಿಮೂರು, ಒಂದೇ ದಿನ ನಾಲ್ಕು. ಆ ವರ್ಷದ ಮಳೆಗಾಲದಲ್ಲಿ ರೈಲುಹಾದಿಯ ಉದ್ದಕ್ಕೂ ಕಾಲರಾ ಹರಡಿತೆಂಬುದನ್ನು ಚರಿತ್ರೆಯಲ್ಲಿ ಓದಿದ ಮೇಲೆ ನಮಗೆ ಆ ಗುರುತುಗಳನ್ನು ಎಣಿಸುವ ಧೈರ್ಯ ಉಳಿಯಲಿಲ್ಲ, ಆದರೂ ಎಣಿಸಿದೆವು. ಒಟ್ಟು 26. ಕೊನೆಯದು ಆಗಸ್ಟ್ ತಿಂಗಳಲ್ಲಿ, ಮೊದಲನೆಯ ಹೆಸರಿನ ಮುಂದೆ, ಬೇರೆಯವರ ಕೈಯಿಂದ, ಸೀಸದಕಡ್ಡಿಯಲ್ಲಿ ಹಾಕಿದ್ದು. ಅದು ಚಿಕ್ಕಜ್ಜನವರ ಶಿಲುಬೆ.

ಆ ಗುರುತನ್ನು ಹಾಕಿದವರು ಯಾರೆಂಬುದನ್ನು ಪುಸ್ತಕದೊಳಗಿದ್ದ ಇಂಗ್ಲಿಷ್ ಕಾಗದವು ತಿಳಿಸಿತು. ಅದು 1946ರಲ್ಲಿ ನಮ್ಮ ದೇವಾಲಯದ ವಿಚಾರಣಾ ಗುರುಗಳ ವಿಳಾಸಕ್ಕೆ ಬಂದದ್ದು. ಬರೆದವರು ಅದೇ ತೋಟದ ಆಸ್ಪತ್ರೆಯಲ್ಲಿ ಡ್ರೆಸ್ಸರಾಗಿದ್ದ ಮಲಯಾಳಿ ಕ್ರೈಸ್ತರೊಬ್ಬರು. ಅವರನ್ನೂ ಅದೇ ಗುಂಪಿನೊಂದಿಗೆ ಕಳುಹಿಸಲಾಗಿತ್ತು. ಬದುಕಿ ಮರಳಿದ ಅವರು, ಸ್ನೇಹಿತನ ಪುಸ್ತಕವನ್ನು ಕಾಪಾಡಿ ತಂದು ನಮಗೆ ಮುಟ್ಟಿಸಿದರು. ಅವರ ಉಪಕಾರವನ್ನು ಈ ಸಭೆಯಲ್ಲಿ ನೆನೆಯುವುದು ನಮ್ಮ ಕರ್ತವ್ಯ.

ಸಹೋದರರೇ, ಆ ಕಾಗದದ ಒಂದು ಭಾಗವನ್ನು ಹೇಳಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಎರಡು ದಿನ ಮಾತುಕತೆ ನಡೆಯಿತು. ಹೇಳಬೇಕೆಂದು ಕಡೆಗೆ ನಿಶ್ಚಯಿಸಿದೆವು.

ಜಪಾನೀಯರ ಅಧಿಕಾರಿಗಳು ತೋಟಕ್ಕೆ ಮೂರು ಸಲ ಜನರನ್ನು ಕೇಳಿದರು. ಮೊದಲ ಸಲ, ದಿನಕ್ಕೆ ಒಂದು ಡಾಲರು ಕೂಲಿ, ಮೂರೇ ತಿಂಗಳ ಕೆಲಸ ಎಂದು ಆಸೆ ತೋರಿಸಿದರು. ರಬ್ಬರಿನ ವ್ಯಾಪಾರ ನಿಂತು, ಅಕ್ಕಿಯಿಲ್ಲದೆ ಮರಗೆಣಸನ್ನು ತಿನ್ನುತ್ತಿದ್ದ ಕೂಲಿಗಾರರಲ್ಲಿ ಕೆಲವರು ತಾವಾಗಿಯೇ ಹೋದರು. ಯಾರೂ ಹಿಂದಿರುಗಲಿಲ್ಲ. ಎರಡನೆಯ ಸಲ ಯಾರೂ ಮುಂದೆ ಬರಲಿಲ್ಲ. ಆಗ ಇಷ್ಟು ತಲೆಗಳೆಂದು ಲೆಕ್ಕ ಗೊತ್ತುಮಾಡಿ, ಹೆಸರುಗಳನ್ನು ಬರೆದುಕೊಡಬೇಕೆಂದು ತೋಟದ ಕಛೇರಿಗೆ ಆಜ್ಞೆಯಾಯಿತು. ತೋಟದ ಹಾಜರಿ ಪುಸ್ತಕ ಇದ್ದದ್ದು ಚಿಕ್ಕಜ್ಜನವರ ಕೈಯಲ್ಲಿ. ಅವರು ಲೈನು ಮನೆಗಳ ಸಾಲಿನ ಪ್ರಕಾರ ಹೆಸರುಗಳನ್ನು ಬರೆದುಕೊಟ್ಟರು. ಮೂರನೆಯ ಸಲವೂ ಅವರೇ ಬರೆದರು: 36 ಹೆಸರುಗಳು. ಆ ಬಾರಿ, ಗುಂಪಿನ ಲೆಕ್ಕವಿಡಲು ಗುಮಾಸ್ತನೊಬ್ಬನೂ ಬರಬೇಕೆಂದು ಆಜ್ಞೆಯಾದುದರಿಂದ ಅವರ ಹೆಸರೇ ಮೊದಲನೆಯದಾಯಿತು. ಅವರು ತಾವಾಗಿ ಮುಂದೆ ಬಂದರೆಂದು ಡ್ರೆಸ್ಸರು ಬರೆದಿಲ್ಲ. ಬರೆದಿದ್ದರೆ ನಮಗೆ ಸಂತೋಷವಾಗುತ್ತಿತ್ತು. ಆದರೆ ಇಲ್ಲದ್ದನ್ನು ನಾವು ಸೇರಿಸಲಾರೆವು.

ಸಿಂಗಪುರದ ಕಡೆಯಿಂದ ಬಂದ ಗೂಡ್ಸ್ ಗಾಡಿಗೆ ಅವರನ್ನು ಹತ್ತಿಸಿ ಬಾನ್‌ಪೋಂಗಿನಲ್ಲಿ ಇಳಿಸಿದರು. ಅಲ್ಲಿಂದ ಮುಂದೆ ಕೆಸರಿನ ಕಾಡುದಾರಿಯಲ್ಲಿ ಕಾಲ್ನಡಿಗೆ. ಶಿಬಿರದಲ್ಲಿ ಅವರಿಗೆ ವೈದ್ಯರಿರಲಿಲ್ಲ, ಔಷಧಿಯಿರಲಿಲ್ಲ, ಸೂರು ಸರಿಯಿರಲಿಲ್ಲ. ಮೊದಲನೆಯ ಸಾವಾದ ರಾತ್ರಿಯಿಂದ ಚಿಕ್ಕಜ್ಜನವರು ತಮ್ಮ ಸ್ವಂತ ಪುಸ್ತಕದಲ್ಲಿ, ಜಪಾನೀಯರಿಗೆ ತಿಳಿಯದ ಲಿಪಿಯಲ್ಲಿ, ಎಲ್ಲ ಹೆಸರುಗಳನ್ನೂ ಬರೆದಿಡಲು ತೊಡಗಿದರೆಂದು, ಹಿಂದಿನ ದಿನಗಳ ಹಾಜರಿಯನ್ನೂ ನೆನಪಿನಿಂದ ತುಂಬಿದರೆಂದು ಡ್ರೆಸ್ಸರು ತಿಳಿಸಿದ್ದಾರೆ. ಈ ಮನುಷ್ಯರ ಮನೆಯವರು ಬಂದು ಕೇಳಿದರೆ ಉತ್ತರ ಕೊಡಬೇಕಾದವನು ನಾನು ಎಂಬುದು ಅವರ ಮನಸ್ಸಿನಲ್ಲಿತ್ತಂತೆ. ಕಡೆಗೆ ತಾವೇ ಜ್ವರ ಭೇದಿಗಳಿಂದ ಮಲಗಿದಾಗ ಪುಸ್ತಕವನ್ನು ಡ್ರೆಸ್ಸರ ಕೈಯಲ್ಲಿಟ್ಟರು. ಕನ್ನಡ ಓದಲು ಬಾರದ ಆ ಸ್ನೇಹಿತರು, ಮೊದಲನೆಯ ಸಾಲು ಬರೆದವನದೇ ಎಂದು ಬಲ್ಲವರಾಗಿ ಅಲ್ಲಿ ಶಿಲುಬೆಯನ್ನು ಹಾಕಿದರು. ಗುರುತಿಲ್ಲದ ಉಳಿದ ಹನ್ನೊಂದು ಮಂದಿಯನ್ನು ಅನಂತರ ಬೇರೆ ಶಿಬಿರಕ್ಕೆ ಒಯ್ದರು. ಪುಸ್ತಕದ ಕಥೆ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಚಿಕ್ಕಜ್ಜನವರು ತಪ್ಪಿತಸ್ಥರೋ ಅಲ್ಲವೋ? ಈ ಪ್ರಶ್ನೆಯನ್ನು ತಾವು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರಬಹುದು, ನಾವೂ ಕೇಳಿಕೊಂಡೆವು. ಬಂದೂಕಿನ ಮುಂದೆ ನಿಂತ ಗುಮಾಸ್ತನು ಬರೆಯದಿದ್ದರೆ ಬೇರೊಬ್ಬನು ಬರೆಯುತ್ತಿದ್ದನೆಂದು ಹೇಳಬಹುದು. ಆದರೆ ಬರೆದ ಕೈ ಅವರದೇ ಎಂಬುದನ್ನು ಅವರೇ ಮರೆತಿರಲಿಲ್ಲ. ಮರೆತಿದ್ದರೆ ಈ ಪುಸ್ತಕ ಹುಟ್ಟುತ್ತಿರಲಿಲ್ಲ. ತೀರ್ಪು ದೇವರಿಗೆ ಸೇರಿದ್ದು. ನಮಗೆ ಸೇರಿದ್ದು, ಸತ್ಯವನ್ನು ಮುಚ್ಚದಿರುವುದು ಮತ್ತು ಪ್ರಾರ್ಥಿಸುವುದು.

ಹಾಗಾದರೆ ಚಿಕ್ಕಜ್ಜಿಯವರಿಗೆ ಇದೆಲ್ಲವೂ ಗೊತ್ತಿತ್ತೇ? ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಾಗದದ ಅರ್ಥವನ್ನು ಅಂದಿನ ಗುರುಗಳು ಅವರಿಗೆ ತಿಳಿಸಿ ಹೇಳಿದ್ದರೋ ಇಲ್ಲವೋ ಎಂದು ನಾವು ಚಿಂತಿಸುತ್ತಿದ್ದಾಗ, ಈಗಿನ ವಿಚಾರಣಾ ಗುರುಗಳು ದೊಡ್ಡ ಮನಸ್ಸು ಮಾಡಿ ಪೂಜಾ ಕಾಣಿಕೆಗಳ ಹಳೆಯ ಪುಸ್ತಕಗಳನ್ನು ತೆರೆದು ತೋರಿಸಿದರು. ಉತ್ತರ ನಮ್ಮ ದೇವಾಲಯದ ಕಪಾಟಿನಲ್ಲಿಯೇ ಇತ್ತು. 1947ರಿಂದ 1983ರವರೆಗೆ, ಒಂದು ವರ್ಷವೂ ತಪ್ಪದೆ, ಆಗಸ್ಟ್ ತಿಂಗಳ ಅದೇ ದಿನ ಚಿಕ್ಕಜ್ಜಿಯವರು ಬಲಿಪೂಜೆಗೆ ಕಾಣಿಕೆ ಕೊಟ್ಟಿದ್ದಾರೆ. ಮೊದಲಿನ ವರ್ಷಗಳಲ್ಲಿ ಲತೀನಿನಲ್ಲಿಯೂ ಆಮೇಲೆ ಕನ್ನಡದಲ್ಲಿಯೂ ಉದ್ದೇಶವನ್ನು ಒಂದೇ ಬಗೆಯಾಗಿ ಬರೆಯಲಾಗಿದೆ: ಗಂಡನ ಹೆಸರು, ಅದರ ಮುಂದೆ "ಮತ್ತು ಸಂಗಡಿಗರಿಗಾಗಿ".

ಧರ್ಮಸಭೆಯ ಪಂಚಾಂಗದಲ್ಲಿ ಸಂತ ಹುತಾತ್ಮರ ಹೆಸರಿನ ಮುಂದೆ ನಾವು ಓದುವ ಮಾತು ಅದು. ಇಲ್ಲಿ ಆ ಸಂಗಡಿಗರು ತಾವು ಕಾಣದ, ಭಾಷೆ ತಿಳಿಯದ, ಬಹುತೇಕ ಬೇರೆ ಮತದ ಬಡ ಕೂಲಿಗಾರರು. ಮೂವತ್ತೇಳು ವರ್ಷ ಆ ತಾಯಿ ಅವರಿಗಾಗಿ ತಮ್ಮ ಕೂಲಿಯ ಹಣದಲ್ಲಿ ಕಾಣಿಕೆ ಕೊಟ್ಟರು; ಯಾರೊಡನೆಯೂ ಅದರ ಮಾತೆತ್ತಲಿಲ್ಲ. ಈಗ ನೆನಪಿಸಿಕೊಂಡರೆ, ಅವರು ತಮ್ಮ ಗಂಡನನ್ನು ಒಂದು ದಿನವೂ ಸಿಪಾಯಿಯೆಂದು ಹೇಳಿದವರಲ್ಲ. "ಹಿಡಿದುಕೊಂಡು ಹೋದರು" ಎಂದಷ್ಟೇ ಹೇಳುತ್ತಿದ್ದರು. ಯಾರು ಹಿಡಿದರು, ಯಾರನ್ನು ಹಿಡಿದರು ಎಂಬುದನ್ನು ಹೇಳುತ್ತಿರಲಿಲ್ಲ. ಖಾಲಿ ಬಿಟ್ಟ ಆ ಜಾಗಗಳನ್ನು ತುಂಬಿದವರು ನಾವು. ಅವರ ಬಾಯಲ್ಲಿ ಆ ಮಾತು ಒಬ್ಬರನ್ನು ಕುರಿತದ್ದಾಗಿರಲಿಲ್ಲ, 37 ಮಂದಿಯನ್ನು ಕುರಿತದ್ದಾಗಿತ್ತೆಂದು ಇಂದು ನಾವು ನಂಬುತ್ತೇವೆ. ಅವರು ತೀರಿಕೊಂಡ ಮೇಲೆ ಆ ಪೂಜೆಯನ್ನು ನಾವು ಯಾರೂ ಮುಂದುವರಿಸಲಿಲ್ಲ. ಇದು ನಮ್ಮ ತಪ್ಪು. ಇದನ್ನೂ ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ.

ಪ್ರಿಯರೇ, ಈ ಅನುಭವದಿಂದ ನಾವು ಕಲಿತ ಎರಡು ಮಾತುಗಳನ್ನು ವಿನಯದಿಂದ ಅರಿಕೆಮಾಡುತ್ತೇವೆ. ಮೊದಲನೆಯದು, ತಮ್ಮ ಮನೆಗಳಲ್ಲಿರುವ ಹಳೆಯ ಕಾಗದಗಳನ್ನು ಒಲೆಗೆ ಹಾಕಬೇಡಿರಿ. ಮನಿಯಾರ್ಡರಿನ ಚೀಟಿಯ ಮೇಲಿನ ಮೊಹರು, ಭಾವಚಿತ್ರದ ಹಿಂದಿರುವ ಅಂಗಡಿಯ ಹೆಸರು, ಪ್ರಾರ್ಥನಾ ಪುಸ್ತಕದ ಅಂಚಿನಲ್ಲಿ ಬರೆದ ಒಂದು ದಿನಾಂಕ, ಇವು ದೊಡ್ಡ ಗ್ರಂಥಗಳು ಹೇಳದ ಸಂಗತಿಯನ್ನು ಹೇಳಬಲ್ಲವು. ಹಿರಿಯರ ಮಾತನ್ನು ಅವರು ಆಡಿದ ಪದಗಳಲ್ಲಿಯೇ ಬರೆದಿಡಿರಿ; ನಮ್ಮ ಊಹೆಯನ್ನು ಅದಕ್ಕೆ ಬೆರೆಸಬೇಡಿರಿ. ಆಮೇಲೆ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆಯೊಂದಿಗೆ ಅದನ್ನು ಹೋಲಿಸಿ ನೋಡಿರಿ. ನೂರು ವರ್ಷಗಳಿಂದ ನಮ್ಮ ಗುರುಗಳು ದೀಪದ ಬೆಳಕಿನಲ್ಲಿ ಕುಳಿತು ಬರೆದಿಟ್ಟ ಆ ಪುಸ್ತಕಗಳು ಈ ದೇವಾಲಯದ ಗೋಪುರಕ್ಕಿಂತ ಕಡಿಮೆ ಬೆಲೆಯವಲ್ಲ. ಅವುಗಳಿಗೆ ಗೆದ್ದಲು ಹತ್ತದಂತೆ ಭದ್ರಪಡಿಸುವ ಕೆಲಸವನ್ನು ಶತಮಾನೋತ್ಸವದ ಕಾರ್ಯಗಳಲ್ಲಿ ಒಂದಾಗಿ ಸೇರಿಸಬೇಕೆಂದು ಸಮಿತಿಯವರನ್ನು ಕೋರುತ್ತೇವೆ.

ಎರಡನೆಯದು, ಹಿರಿಯರ ಸತ್ಯವನ್ನು ತಿಳಿಯಲು ಅಂಜಬೇಡಿರಿ. ವೀರರಾದ ಪೂರ್ವಿಕರನ್ನು ಹುಡುಕುತ್ತ ಹೊರಟ ನಮಗೆ, ಭಯಪಟ್ಟ, ಬಗ್ಗಿದ, ಆಮೇಲೆ ತನ್ನ ಕೈಲಾದ ಒಂದು ಕೆಲಸವನ್ನು ಕೊನೆಯವರೆಗೂ ಮಾಡಿದ ಒಬ್ಬ ಸಾಮಾನ್ಯ ಮನುಷ್ಯ ದೊರೆತರು. ಭಾವಚಿತ್ರದ ಸಿಪಾಯಿಗಾಗಿ ಪ್ರಾರ್ಥಿಸುವ ಅಗತ್ಯ ನಮಗೆಂದೂ ಕಂಡಿರಲಿಲ್ಲ. ಈ ಮನುಷ್ಯನಿಗಾಗಿ ಈಗ ದಿನವೂ ಪ್ರಾರ್ಥಿಸುತ್ತೇವೆ.

ಪುಸ್ತಕದ ಪ್ರತಿಯೊಂದನ್ನು, ಹೆಸರುಗಳನ್ನು ತಮಿಳು ಮತ್ತು ಇಂಗ್ಲಿಷ್ ಲಿಪಿಗಳಿಗೆ ಇಳಿಸಿ, ಆ ರೈಲುಹಾದಿಯ ದಾಖಲೆಗಳನ್ನು ಸಂಗ್ರಹಿಸುವ ಕಾಂಚನಬುರಿಯ ವಸ್ತುಸಂಗ್ರಹಾಲಯಕ್ಕೆ ಕಳುಹಿಸಲು ಸಿದ್ಧಪಡಿಸುತ್ತಿದ್ದೇವೆ. ಮಲೇಶಿಯದಲ್ಲಿಯೋ ತಮಿಳುನಾಡಿನಲ್ಲಿಯೋ ಒಂದು ಮನೆಯಲ್ಲಿ ಇಂದಿಗೂ "ಹಿಡಿದುಕೊಂಡು ಹೋದರು" ಎಂಬ ಮಾತು ಉಳಿದಿರಬಹುದು. ಆ ಮನೆಯವರಿಗೆ ಒಂದು ಹೆಸರು, ಒಂದು ದಿನಾಂಕ ದೊರೆತರೂ ಚಿಕ್ಕಜ್ಜನವರು ಕೊಡಬೇಕೆಂದಿದ್ದ ಉತ್ತರವನ್ನು ನಾವು ಮುಟ್ಟಿಸಿದಂತಾಗುತ್ತದೆ.

ಕಡೆಯದಾಗಿ ಒಂದು ಬಿನ್ನಹ. ಬರುವ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನದ ಬಲಿಪೂಜೆಯನ್ನು ನಮ್ಮ ಕುಟುಂಬದ ಪರವಾಗಿ ಅರ್ಪಿಸಲು ಗುರುಗಳು ಒಪ್ಪಿದ್ದಾರೆ. ಆ ದಿನ ಪುಸ್ತಕದಲ್ಲಿರುವ ಹೆಸರುಗಳನ್ನು ಗಟ್ಟಿಯಾಗಿ ಓದಲಾಗುವುದು. ಅವುಗಳಲ್ಲಿ ಹೆಚ್ಚಿನವು ಈ ದೇವಾಲಯದಲ್ಲಿ ಹಿಂದೆಂದೂ ಕೇಳಿರದ ಹೆಸರುಗಳು. ಒಂದು ಕಾಲದಲ್ಲಿ ನಮ್ಮ ಮನೆಯವರೊಬ್ಬರು ಅವುಗಳನ್ನು ಸಾವಿನ ಪಟ್ಟಿಯಲ್ಲಿ ಬರೆದರು; ಅವರೇ ಮರಳಿ ಅವುಗಳನ್ನು ನೆನಪಿನ ಪುಸ್ತಕದಲ್ಲಿ ಬರೆದರು. ತಾವೆಲ್ಲರೂ ದಯಮಾಡಿ ಬಂದು, ಪ್ರತಿಯೊಂದು ಹೆಸರಿಗೂ ನಮ್ಮೊಡನೆ ಒಂದು ಕ್ಷಣ ಮೌನವಾಗಿದ್ದು ಪ್ರಾರ್ಥಿಸಬೇಕೆಂದು ಬೇಡಿಕೊಳ್ಳುತ್ತೇವೆ. ಮನುಷ್ಯರ ಯಾವ ಪಟ್ಟಿಯಲ್ಲಿಯೂ ಇಲ್ಲದವರ ಹೆಸರು ಕರುಣಾಮಯನಾದ ದೇವರ ಬಳಿ ಇದೆಯೆಂಬ ಭರವಸೆಯಿಂದ ನಮ್ಮ ಮಾತುಗಳನ್ನು ಮುಗಿಸುತ್ತೇವೆ.